ಕತ್ತರಿ, ಗೋಂದು ಮತ್ತು ಅಮ್ಮನ ಫೈಲು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಈ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರುವಾಗುತ್ತೆ. ಕಳೆದ ದಸರಾಗೆ ತುಮಕೂರಿನ ಮನೆಗೆ ಹೋಗಿದ್ದಾಗ ನಾನು ಅಮ್ಮನ ಒಂದು ಹಳೇ ಫೈಲನ್ನು ಕತ್ತರಿಸಿ ಹಾಕಿದೆ. ಸಿಟ್ಟಿಗಲ್ಲ, ಕಲೆಗೋಸ್ಕರ! ಹಾಗಂದುಕೊಂಡಿದ್ದೆ.

ಮೊದಲು ಹಿನ್ನೆಲೆ ಹೇಳ್ತೀನಿ. ನಾನು ಓದಿದ್ದು ಬಿ.ಕಾಂ. ಮೂರು ವರ್ಷ ಒಂದು ಆಡಿಟ್ ಕಚೇರಿಯಲ್ಲಿ ವೋಚರುಗಳಿಗೆ ಟಿಕ್ ಹಾಕಿದವನು. ಚಿತ್ರ ಬಿಡಿಸೋಕೆ ಬರಲ್ಲ. ಶಾಲೆಯಲ್ಲಿ ನಾನು ಬಿಡಿಸಿದ ಆನೆಯನ್ನು ಮೇಷ್ಟ್ರು ಎಮ್ಮೆ ಅಂದ್ಕೊಂಡು ಮಾರ್ಕ್ಸ್ ಕೊಟ್ಟಿದ್ರು. ಇಂಥ ನನಗೆ ಎರಡು ವರ್ಷದ ಹಿಂದೆ ಝೀನ್ ಮಾಡೋ ಹುಚ್ಚು ಹಿಡೀತು.

ಝೀನ್ ಅಂದ್ರೆ ಸಣ್ಣ ಪತ್ರಿಕೆ. ಸಂಪಾದಕ, ಮಾಲೀಕ, ಮುದ್ರಕ, ಹಂಚುವವನು ಎಲ್ಲಾ ನೀವೇ. ಒಂದು ಎ4 ಹಾಳೆಯನ್ನು ಮೂರು ಸಲ ಮಡಚಿ, ಬಿಡಿಸಿ, ನಡುವೆ ಒಂದೇ ಒಂದು ಕಡೆ ಸೀಳಿದರೆ ಎಂಟು ಪುಟದ ಪುಸ್ತಕ ಆಗುತ್ತೆ. ಒಂದೊಂದು ಪುಟ ಸುಮಾರು 74 ಮಿ.ಮೀ. ಅಗಲ, 105 ಮಿ.ಮೀ. ಉದ್ದ. ಶರ್ಟಿನ ಜೇಬಿಗೆ ಸರಿಹೋಗುತ್ತೆ. ಪಿನ್ ಬೇಡ, ದಾರ ಬೇಡ. ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಬದಿಗೆ ಎರಡು ರೂಪಾಯಿ. 50 ಪ್ರತಿಗೆ ನೂರು ರೂಪಾಯಿ. ಕಾಮರ್ಸ್ ಓದಿದವನಿಗೆ ಇದಕ್ಕಿಂತ ಚೆಂದದ ಕಾಸ್ಟ್ ಶೀಟ್ ಎಲ್ಲಿ ಸಿಗುತ್ತೆ ಹೇಳಿ.

ಚಿತ್ರ ಬರಲ್ಲವಲ್ಲ, ಅದಕ್ಕೆ ಕೊಲಾಜ್. ಬೇರೆಯವರು ಮುದ್ರಿಸಿದ್ದನ್ನು ಕತ್ತರಿಸು, ಬೇರೆ ಥರ ಅಂಟಿಸು. ಸುಲಭ ಅನ್ನಿಸಿತ್ತು. ಆದ್ರೆ ಈ ಕತ್ತರಿ-ಗೋಂದಿನ ಇತಿಹಾಸ ಓದ್ತಾ ಹೋದ ಹಾಗೆ ನನಗೆ ಅರ್ಥವಾಗಿದ್ದು ಬೇರೆಯೇ. ಕತ್ತರಿಸೋದು ಸುಲಭ. ಯಾರದ್ದನ್ನು ಕತ್ತರಿಸ್ತಾ ಇದ್ದೀವಿ ಅನ್ನೋದು ಕಷ್ಟದ ಪ್ರಶ್ನೆ.

ಎಪ್ಪತ್ತೆರಡನೇ ವಯಸ್ಸಿನ ಕತ್ತರಿ

ಕೊಲಾಜ್ ಬಗ್ಗೆ ಯಾವ ಪುಸ್ತಕ ತೆಗೆದರೂ 1912 ಅಂತ ಶುರುವಾಗುತ್ತೆ. ಆ ವರ್ಷ ಪ್ಯಾರಿಸ್‌ನಲ್ಲಿ ಪಿಕಾಸೊ ಒಂದು ಚಿತ್ರಕ್ಕೆ ಬೆತ್ತದ ಹೆಣಿಗೆ ಅಚ್ಚಾಗಿದ್ದ ಆಯಿಲ್‌ಕ್ಲಾತ್ ತುಂಡು ಅಂಟಿಸಿದ. ಅದೇ ವರ್ಷ ಅವನ ಗೆಳೆಯ ಬ್ರಾಕ್, ಮರದ ಹಲಗೆಯ ಹಾಗೆ ಕಾಣೋ ಗೋಡೆ ಕಾಗದ ತಂದು ಅಂಟಿಸಿದ. ಫ್ರೆಂಚ್‌ನಲ್ಲಿ ಅಂಟಿಸು ಅನ್ನೋ ಕ್ರಿಯಾಪದದಿಂದಲೇ ಕೊಲಾಜ್ ಅನ್ನೋ ಹೆಸರು ಬಂದಿದ್ದು.

ಆದ್ರೆ ಅದಕ್ಕೂ 140 ವರ್ಷ ಮುಂಚೆ ಇಂಗ್ಲೆಂಡಿನಲ್ಲಿ ಒಬ್ಬ ಅಜ್ಜಿ ಇದ್ದರು. ಮೇರಿ ಡೆಲೇನಿ. ಹುಟ್ಟಿದ್ದು 1700ರಲ್ಲಿ. ಎರಡು ಸಲ ಮದುವೆಯಾಗಿ ಎರಡು ಸಲವೂ ವಿಧವೆಯಾದವರು. 72ರ ಹೊತ್ತಿಗೆ ಒಂದು ದಿನ ಜೆರೇನಿಯಂ ಹೂವಿನ ಬಣ್ಣಕ್ಕೂ ಎದುರಿಗಿದ್ದ ಕೆಂಪು ಕಾಗದದ ಬಣ್ಣಕ್ಕೂ ಹೋಲಿಕೆ ಕಂಡು, ಕಾಗದದಲ್ಲೇ ಎಸಳು ಕತ್ತರಿಸಿದರು. ಒಳಗೆ ಬಂದ ಗೆಳತಿ ಅದನ್ನು ನಿಜವಾದ ಹೂವು ಅಂದುಕೊಂಡರಂತೆ. ಅಲ್ಲಿಂದ ಹತ್ತು ವರ್ಷ, ಕಣ್ಣು ಕೈಕೊಡೋವರೆಗೂ, ಕಪ್ಪು ಹಿನ್ನೆಲೆಯ ಮೇಲೆ ಕಾಗದದ ಚೂರುಗಳಿಂದ 985 ಹೂಗಿಡಗಳನ್ನು ಮಾಡಿದರು. ಕೆಲವು ಗಿಡಗಳಲ್ಲಿ ನೂರಾರು ಚೂರು. ಇವತ್ತು ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಅಂದ್ರೆ ಇದು ಮೊದಲಿಂದಲೂ ಮನೆಯೊಳಗೆ, ಮೇಜಿನ ಮೇಲೆ ನಡೀತಾ ಇದ್ದ ಕೆಲಸ. ಗಂಡಸರು ಗ್ಯಾಲರಿಗೆ ತಂದ ಮೇಲೆ ಅದಕ್ಕೆ ಕಲೆ ಅಂತ ಹೆಸರು ಬಂತು ಅಷ್ಟೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಂಡಿರಲಿಲ್ಲ.

ಅಡುಗೆಮನೆ ಚಾಕು

ನನ್ನ ಮೊದಲ ಝೀನ್‌ಗೆ ಸ್ಫೂರ್ತಿ ಹನ್ನಾ ಹೋಖ್. ಜರ್ಮನಿಯವರು, ಹುಟ್ಟಿದ್ದು 1889. ಮೊದಲ ಮಹಾಯುದ್ಧದ ಕಾಲದಲ್ಲಿ ಬರ್ಲಿನ್‌ನಲ್ಲಿದ್ದ ದಾದಾ ಗುಂಪಿಗೆ ಸೇರಿದವರು. ದಾದಾ ಅಂದ್ರೆ ನಮ್ಮ ಏರಿಯಾ ದಾದಾ ಅಲ್ಲ. ಯುದ್ಧಕ್ಕೆ ಜನರನ್ನು ಹುರಿದುಂಬಿಸಿದ ಸಭ್ಯ ಸಮಾಜದ ಮೇಲೆ, ಅದರ ಕಲೆಯ ಮೇಲೆ ಸಿಟ್ಟಿಗೆದ್ದ ಕಲಾವಿದರ ಗುಂಪು.

ಫೋಟೊ ಕತ್ತರಿಸಿ ಜೋಡಿಸೋ ಐಡಿಯಾ ಎಲ್ಲಿಂದ ಬಂತು ಅನ್ನೋದಕ್ಕೆ ಹೋಖ್ ಒಂದು ಕಥೆ ಹೇಳ್ತಿದ್ದರು. 1918ರಲ್ಲಿ ಅವರೂ ಗೆಳೆಯ ರೌಲ್ ಹೌಸ್‌ಮನ್ನೂ ಬಾಲ್ಟಿಕ್ ಸಮುದ್ರದ ದಡಕ್ಕೆ ರಜೆಗೆ ಹೋಗಿದ್ದರು. ಅಲ್ಲಿ ಮನೆಮನೆಯ ಗೋಡೆಯಲ್ಲೂ ಸೈನಿಕನ ಚಿತ್ರ. ಸಮವಸ್ತ್ರ, ಬ್ಯಾರಕ್ಕು ಎಲ್ಲಾ ಮೊದಲೇ ಅಚ್ಚು ಹಾಕಿದ್ದು; ಮುಖದ ಜಾಗದಲ್ಲಿ ಮಾತ್ರ ಆ ಮನೆಯ ಮಗನ ಫೋಟೊ ಕತ್ತರಿಸಿ ಅಂಟಿಸಿದ್ದು. ನಮ್ಮ ಜಾತ್ರೆಗಳ ಫೋಟೊ ಸ್ಟುಡಿಯೊದಲ್ಲಿ ರಟ್ಟಿನ ಕಾರಿನ ಹಿಂದೆ ನಿಂತು ಫೋಟೊ ತೆಗೆಸ್ಕೊಳ್ತಿದ್ವಲ್ಲ, ಹೆಚ್ಚುಕಮ್ಮಿ ಅದೇ. ಮನೆಯವರಿಗೆ ಅದು ಹೆಮ್ಮೆ. ಇವರಿಬ್ಬರಿಗೆ ಕಂಡಿದ್ದು ಬೇರೆ: ದೇಹ ಸರ್ಕಾರದ್ದು, ತಲೆ ಮಾತ್ರ ಬದಲಾಗುತ್ತೆ.

ಹೋಖ್ ಅವರ ಅತಿ ಪ್ರಸಿದ್ಧ ಕೊಲಾಜ್ 1919-20ರದ್ದು. ಉದ್ದನೆಯ ಹೆಸರು, ಅಡುಗೆಮನೆಯ ಚಾಕುವಿನಿಂದ ಕತ್ತರಿಸಿದ್ದು ಅನ್ನೋ ಅರ್ಥದಲ್ಲಿ ಶುರುವಾಗುತ್ತೆ. ಸುಮಾರು 114 ಸೆಂ.ಮೀ. ಎತ್ತರ, 90 ಸೆಂ.ಮೀ. ಅಗಲ. ಅದರಲ್ಲಿ ಮಂತ್ರಿಗಳಿದ್ದಾರೆ, ಸೇನಾಧಿಕಾರಿಗಳಿದ್ದಾರೆ, ಚಕ್ರ, ಬೇರಿಂಗು, ನರ್ತಕಿಯರು, ಐನ್‌ಸ್ಟೀನ್ ಕೂಡ ಇದ್ದಾರೆ. ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಭೂಪಟ. ಯುರೋಪಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಎಲ್ಲೆಲ್ಲಿ ಬಂದಿದೆ ಅಂತ ತೋರಿಸೋ ಭೂಪಟ. ಅದರ ಪಕ್ಕದಲ್ಲೇ ಉಗುರಿನಷ್ಟು ಸಣ್ಣದಾಗಿ ಅವರದೇ ಫೋಟೊ. ಜರ್ಮನಿಯ ಹೆಂಗಸರು ಮೊದಲ ಸಲ ರಾಷ್ಟ್ರಮಟ್ಟದ ಚುನಾವಣೆಯಲ್ಲಿ ಓಟು ಹಾಕಿದ್ದು 1919ರ ಜನವರಿಯಲ್ಲಿ. ಅಂದ್ರೆ ಅದು ಅವರ ಸಹಿ ಇದ್ದ ಹಾಗೆ.

1920ರಲ್ಲಿ ಬರ್ಲಿನ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ದಾದಾ ಮೇಳ ನಡೀತು. ಇವರನ್ನು ಸೇರಿಸೋದೇ ಬೇಡ ಅಂದರು ಗುಂಪಿನ ದೊಡ್ಡ ಹೆಸರುಗಳಾದ ಗ್ರೋಸ್ ಮತ್ತು ಹಾರ್ಟ್‌ಫೀಲ್ಡ್. ಹಾಗಾದ್ರೆ ನನ್ನ ಕೆಲಸವೂ ಇಲ್ಲ ಅಂತ ಹೌಸ್‌ಮನ್ ಹಟ ಹಿಡಿದ ಮೇಲೆ ಜಾಗ ಸಿಕ್ಕಿತು. ಆಮೇಲೆ ಅದೇ ಬಳಗದ ಹಾನ್ಸ್ ರಿಕ್ಟರ್ ದಾದಾ ಬಗ್ಗೆ ಪುಸ್ತಕ ಬರೆದಾಗ, ದುಡ್ಡಿಲ್ಲದ ಕಾಲದಲ್ಲೂ ಹೋಖ್ ಹೇಗೋ ಹೊಂದಿಸಿ ತರುತ್ತಿದ್ದ ಸ್ಯಾಂಡ್‌ವಿಚ್ಚು, ಬಿಯರು, ಕಾಫಿಯನ್ನು ಮರೆಯದೆ ನೆನೆದರು. ಇಡೀ ಗುಂಪಿನಲ್ಲಿ ಇವತ್ತು ಜಗತ್ತು ಹೆಚ್ಚು ನೋಡೋ ಕೆಲಸಗಳಲ್ಲಿ ಒಂದನ್ನು ಮಾಡಿದವರಿಗೆ ಸಿಕ್ಕ ಹೊಗಳಿಕೆ ತಿಂಡಿ-ಕಾಫಿಗೆ.

ನನ್ನ ಮಟ್ಟಿಗೆ ಮುಖ್ಯವಾದ ವಿಷಯ ಇನ್ನೊಂದಿದೆ. ಹೋಖ್ 1916ರಿಂದ 1926ರವರೆಗೆ ಹತ್ತು ವರ್ಷ ಉಲ್‌ಸ್ಟೈನ್ ಅನ್ನೋ ದೊಡ್ಡ ಪ್ರಕಾಶನ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಏನು ಕೆಲಸ? ಮಹಿಳಾ ಪತ್ರಿಕೆಗಳಿಗೆ ಕಸೂತಿ, ಲೇಸು, ಕ್ರೋಶಾ ಡಿಸೈನ್ ಬರೆಯೋದು. ಮನೆಯಲ್ಲಿ ಕೂತು ಹೆಂಗಸರು ನಕಲು ಮಾಡಿಕೊಳ್ಳೋ ನಮೂನೆಗಳು. ಕಸೂತಿಯೂ ಚಿತ್ರಕಲೆಯಷ್ಟೇ ಕಲೆ, ಅದನ್ನು ಹಗುರವಾಗಿ ತಗೋಬೇಡಿ ಅಂತ 1918ರಲ್ಲಿ ಲೇಖನವನ್ನೂ ಬರೆದರು. ಅವರ ಕೊಲಾಜುಗಳಲ್ಲಿ ಈ ಲೇಸಿನ ನಮೂನೆಗಳೂ, ಅದೇ ಸಂಸ್ಥೆಯ ಪತ್ರಿಕೆಗಳ ಫೋಟೊಗಳೂ ಬಂದು ಕೂರುತ್ತವೆ. ಸಂಬಳದ ಕೆಲಸದ ಚೂರು, ಸ್ವಂತ ಕೆಲಸಕ್ಕೆ ಸರಕು.

ಮುಂದೆ ನಾಜಿಗಳ ಕಾಲ. ಇಂಥ ಕಲೆ ಇಟ್ಟುಕೊಳ್ಳೋದೇ ಅಪಾಯ. 1939ರಲ್ಲಿ ಅವರು ಬರ್ಲಿನ್ ಹೊರವಲಯದ ಹೈಲಿಗೆನ್‌ಸೀ ಅನ್ನೋ ಕಡೆ ಒಂದು ಸಣ್ಣ ಮನೆ ಕೊಂಡು, ಗುಂಪಿನ ಹಲವರು ದೇಶ ಬಿಟ್ಟು ಓಡಿದ ಮೇಲೂ ಅಲ್ಲೇ ಉಳಿದರು. ತಮ್ಮದನ್ನಷ್ಟೇ ಅಲ್ಲ, ಗೆಳೆಯರ ಪತ್ರ, ಕರಪತ್ರ, ಚಿತ್ರಗಳನ್ನೂ ಮನೆಯಲ್ಲಿ, ತೋಟದಲ್ಲಿ ಬಚ್ಚಿಟ್ಟು ಉಳಿಸಿದರು. ಬರ್ಲಿನ್ ದಾದಾ ಬಗ್ಗೆ ಇವತ್ತು ನಮಗೆ ಗೊತ್ತಿರೋದರಲ್ಲಿ ದೊಡ್ಡ ಪಾಲು ಹೀಗೆ ಉಳಿದಿದ್ದು. 1978ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಕತ್ತರಿಸೋದರಲ್ಲಿ ನಿಸ್ಸೀಮರಾದವರು, ಕಾಪಾಡೋದರಲ್ಲೂ ನಿಸ್ಸೀಮರಾಗಿದ್ದರು.

ಕಲ್ಲಚ್ಚಿನಿಂದ ಜೆರಾಕ್ಸಿಗೆ

ಕೊಲಾಜ್ ಆಯ್ತು. ಝೀನ್ ಎಲ್ಲಿಂದ ಬಂತು?

ಅಮೆರಿಕದಲ್ಲಿ 1930ರ ಮೇ ತಿಂಗಳಲ್ಲಿ ವೈಜ್ಞಾನಿಕ ಕಥೆಗಳ ಹುಚ್ಚಿದ್ದ ಹುಡುಗರ ಒಂದು ಕ್ಲಬ್ ‘ದಿ ಕಾಮೆಟ್’ ಅಂತ ಪತ್ರಿಕೆ ತಂದರು. ಇದನ್ನೇ ಮೊದಲ ಫ್ಯಾನ್‌ಝೀನ್ ಅಂತಾರೆ. ಆ ಪದ ಹುಟ್ಟಿದ್ದು ಮಾತ್ರ ಹತ್ತು ವರ್ಷ ಆದ್ಮೇಲೆ, 1940ರಲ್ಲಿ. ಅಭಿಮಾನಿಗಳ ಮ್ಯಾಗಝೀನ್ ಅನ್ನೋದರ ಸಂಕ್ಷಿಪ್ತ ರೂಪ. ಇಂಥ ಪತ್ರಿಕೆಗಳೆಲ್ಲ ಹೆಚ್ಚಾಗಿ ಮೈಮಿಯೊಗ್ರಾಫ್‌ನಲ್ಲಿ ಅಚ್ಚಾಗ್ತಿದ್ದವು. ನಮ್ಮ ಕಡೆ ಸೈಕ್ಲೋಸ್ಟೈಲ್ ಅಂತಿದ್ದರಲ್ಲ, ಅದರದೇ ಜಾತಿ. ಸ್ಟೆನ್ಸಿಲ್ ಹಾಳೆ ಮೇಲೆ ಟೈಪ್ ಮಾಡಿ, ಶಾಯಿ ಹಚ್ಚಿ, ಹಿಡಿ ತಿರುಗಿಸೋದು. ನಮ್ಮ ಅಪ್ಪನ ತಲೆಮಾರಿನವರಿಗೆ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಆ ವಾಸನೆ ಇನ್ನೂ ನೆನಪಿದೆ.

ನಮ್ಮಲ್ಲೂ ಇದಕ್ಕೆ ನೆಂಟರಿದ್ದಾರೆ. ಶಾಲಾ ಕಾಲೇಜುಗಳ ಕೈಬರಹದ ಪತ್ರಿಕೆ, ಗೋಡೆಗೆ ಅಂಟಿಸ್ತಿದ್ದ ಭಿತ್ತಿಪತ್ರಿಕೆ. ಒಂದೇ ಪ್ರತಿ, ಕೈಯಿಂದ ಕೈಗೆ. ಇನ್ನೂ ಹಿಂದೆ ಹೋದರೆ, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಂದಿದ್ದೂ ಕಲ್ಲಚ್ಚಿನಲ್ಲಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ತಂದ ಪತ್ರಿಕೆ. ಕಲ್ಲಚ್ಚಿನಲ್ಲಿ ಮೊಳೆ ಜೋಡಿಸೋ ಕೆಲಸ ಇಲ್ಲ, ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನ ಮೂಲಕ ಕಾಗದಕ್ಕೆ ಬರುತ್ತೆ. ಒಂದು ರೀತಿಯಲ್ಲಿ ಜೆರಾಕ್ಸಿನ ಮುತ್ತಜ್ಜ.

ಜೆರಾಕ್ಸ್ ಕಥೆಯೂ ಚೆನ್ನಾಗಿದೆ. ಒಂದು ಕಂಪನಿಯ ಪೇಟೆಂಟ್ ವಿಭಾಗದ ಕೆಲಸದಲ್ಲಿ ದಾಖಲೆಗಳ ನಕಲು ಮಾಡಿ ಮಾಡಿ ಸಾಕಾಗಿದ್ದ ಚೆಸ್ಟರ್ ಕಾರ್ಲ್‌ಸನ್, 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಒಣ ಪುಡಿಯಿಂದ ಮೊದಲ ನಕಲು ತೆಗೆದರು. ಆ ಕಾಗದದಲ್ಲಿದ್ದದ್ದು ಆ ದಿನದ ತಾರೀಖು ಮತ್ತು ಊರಿನ ಹೆಸರು, ಅಷ್ಟೆ. ಅದು ಕಚೇರಿಗೆ ಹೋಗೋ ಯಂತ್ರವಾಗೋಕೆ 21 ವರ್ಷ ಹಿಡೀತು. 1959ರ ಜೆರಾಕ್ಸ್ 914 ಸುಮಾರು 290 ಕಿಲೊ ತೂಗ್ತಿತ್ತು. ಕಾಗದಕ್ಕೆ ಬೆಂಕಿ ಹತ್ತೋ ಭಯಕ್ಕೆ ಜೊತೆಗೊಂದು ಬೆಂಕಿ ಆರಿಸೋ ಸಾಧನವನ್ನೂ ಕೊಡ್ತಿದ್ದರು.

ಗುಮಾಸ್ತರಿಗಾಗಿ ಹುಟ್ಟಿದ ಯಂತ್ರ. ಅದನ್ನು ಬೇರೆ ದಾರಿಗೆ ಎಳೆದವನೂ ಒಬ್ಬ ಗುಮಾಸ್ತನೇ. ಲಂಡನ್ನಿನ ಮಾರ್ಕ್ ಪೆರ್ರಿ, ಬ್ಯಾಂಕ್ ಕ್ಲರ್ಕು, ವಯಸ್ಸು 19. 1976ರ ಜುಲೈನಲ್ಲಿ ರಮೋನ್ಸ್ ಅನ್ನೋ ತಂಡದ ಸಂಗೀತ ಕೇಳಿ ತಲೆಕೆಟ್ಟು, ಅದರ ಬಗ್ಗೆ ಬರೆಯೋ ಪತ್ರಿಕೆ ಯಾವುದೂ ಇಲ್ಲ ಅಂತ ತಾನೇ ಒಂದು ಮಾಡಿದ. ಹೆಸರು ‘ಸ್ನಿಫಿಂಗ್ ಗ್ಲೂ’. ಹೆಸರಲ್ಲಿ ಗೋಂದಿದ್ರೂ ಇದು ಅಂಟಿಸೋ ಗೋಂದಿನ ಮಾತಲ್ಲ, ರಮೋನ್ಸ್ ಹಾಡೊಂದರಿಂದ ತೆಗೆದದ್ದು. ಮಕ್ಕಳ ಟೈಪ್‌ರೈಟರ್, ದಪ್ಪ ಸ್ಕೆಚ್ ಪೆನ್ನು. ಗೆಳತಿ ತನ್ನ ಆಫೀಸಿನ ಯಂತ್ರದಲ್ಲಿ ನಕಲು ತೆಗೆದುಕೊಟ್ಟಳು. ಮೊದಲ ಸಂಚಿಕೆ 50 ಪ್ರತಿ. ಒಂದು ವರ್ಷದಲ್ಲಿ ಸಾವಿರಾರು ಪ್ರತಿಗೆ ಹೋಯ್ತು. ಚೆನ್ನಾಗಿ ನಡೀತಿದ್ದಾಗಲೇ, 1977ರಲ್ಲಿ, ತಾನೇ ನಿಲ್ಲಿಸಿದ. ಓದುಗರೇ, ನಿಮ್ಮ ನಿಮ್ಮ ಪತ್ರಿಕೆ ನೀವೇ ಮಾಡಿ ಅನ್ನೋದು ಅವನ ವಾದ.

ನನ್ನ ಮೊದಲ ಝೀನ್ ಕೂಡ 50 ಪ್ರತಿ. ಕಾಕತಾಳೀಯ ಅಂತ ಹೇಳಬೇಕು, ಆದ್ರೆ ಬೇಕೂಂತಲೇ ಮಾಡಿದ್ದು.

ಕನ್ನಡದಲ್ಲಿ ಕತ್ತರಿಸೋದು

ಪಂಕ್ ಕಾಲದ ವಿನ್ಯಾಸ ಅಂದ ತಕ್ಷಣ ನೆನಪಾಗೋದು ಸೆಕ್ಸ್ ಪಿಸ್ಟಲ್ಸ್ ತಂಡದ ಪೋಸ್ಟರುಗಳು. ಪತ್ರಿಕೆಯ ತಲೆಬರಹಗಳಿಂದ ಒಂದೊಂದೇ ಅಕ್ಷರ ಕತ್ತರಿಸಿ, ಅಪಹರಣಕಾರರು ಚೀಟಿ ಕಳಿಸ್ತಾರಲ್ಲ ಸಿನಿಮಾದಲ್ಲಿ, ಆ ಥರ ಅಂಟಿಸಿದ್ದು. ಇದಕ್ಕೆ ಹೆಸರು ಬಂದಿದ್ದು ಜೇಮೀ ರೀಡ್ ಅವರಿಗೆ. ಅವರು 1970ರ ಸುಮಾರಿಗೆ ಕ್ರಾಯ್ಡನ್‌ನಲ್ಲಿ ‘ಸಬರ್ಬನ್ ಪ್ರೆಸ್’ ಅನ್ನೋ ಪತ್ರಿಕೆ ನಡೆಸ್ತಿದ್ದಾಗ ಅಕ್ಷರಗಳಿಗೆ ದುಡ್ಡಿಲ್ಲದೆ ಕತ್ತರಿ ಹಿಡಿದವರು. ಅದೇ ತಂಡದ ಮೊದಮೊದಲ ಕರಪತ್ರಗಳಿಗೆ ಹೀಗೆ ಅಕ್ಷರ ಜೋಡಿಸಿದವರು ಹೆಲೆನ್ ವೆಲ್ಲಿಂಗ್‌ಟನ್-ಲಾಯ್ಡ್ ಅನ್ನೋ ಹೆಣ್ಣುಮಗಳು. ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಸರಿ, ನಾನೂ ಹಾಗೇ ಮಾಡೋಣ ಅಂತ ಹೊರಟೆ. ಇಂಗ್ಲಿಷಿನಲ್ಲಿ 26 ಅಕ್ಷರ. ಒಂದು ಭಾನುವಾರದ ಪತ್ರಿಕೆ ಸಾಕು. ಕನ್ನಡದಲ್ಲಿ? ವರ್ಣಮಾಲೆ 49 ಇದ್ದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಲೆಕ್ಕ ಎಲ್ಲಿಗೋ ಹೋಗುತ್ತೆ. ‘ಝೀನ್ ಪ್ರಯೋಗ’ ಅನ್ನೋ ಎರಡು ಪದಕ್ಕೆ ನಾನು ಎರಡು ಸಂಜೆ ಕಳೆದೆ.

‘ಪ್ರ’ ಸುಲಭ. ಪ್ರಧಾನಿ, ಪ್ರತಿಭಟನೆ, ಪ್ರಕಟಣೆ. ರಾಜಕೀಯ ಇರೋವರೆಗೂ ‘ಪ್ರ’ಕ್ಕೆ ಬರಗಾಲವಿಲ್ಲ. ‘ಯೋ’ಗೆ ಸರ್ಕಾರದ ಯೋಜನೆಗಳಿವೆ. ‘ಝೀ’ ನನ್ನನ್ನು ಸಾಯಿಸಿತು. ಕೊನೆಗೆ ಏಪ್ರಿಲ್ ತಿಂಗಳ ಹಳೇ ಪತ್ರಿಕೆಯಲ್ಲಿ ಬಿಸಿಲ ಝಳದ ತಲೆಬರಹ ಸಿಕ್ಕಿತು. ಆ ‘ಝ’ದ ತಲೆಕಟ್ಟು ಕತ್ತರಿಸಿ ತೆಗೆದು, ಇನ್ನೊಂದು ಅಕ್ಷರದಿಂದ ಗುಡಿಸು ತಂದು ಕೂರಿಸಿ, ಪಕ್ಕಕ್ಕೆ ದೀರ್ಘ ಅಂಟಿಸಬೇಕಾಯ್ತು. ಹಳೇ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸೋರು ಒತ್ತು, ದೀರ್ಘಗಳನ್ನು ಬೇರೆ ಬೇರೆ ಖಾನೆಯಿಂದ ಎತ್ತಿ ಕೂರಿಸ್ತಿದ್ದರಲ್ಲ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಇನ್ನು ‘ನ್’. ಇದರಲ್ಲಿ ಒಂದು ಸ್ವಾರಸ್ಯ ಇದೆ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯೋದು. ಅದಕ್ಕೇ ಬಸ್ಸು, ಕಾರು, ರೋಡು ಅಂತ ಕೊನೆಗೊಂದು ಉಕಾರ ಸೇರಿಸ್ತೀವಿ. ಹಾಗಾಗಿ ಸುದ್ದಿ ತಲೆಬರಹದಲ್ಲಿ ದಪ್ಪ ‘ನ್’ ಅಪರೂಪ. ಸಿಗೋದೆಲ್ಲಿ? ಜಾಹೀರಾತಿನಲ್ಲಿ. ಲೋನ್, ಫ್ಯಾಷನ್, ಎಕ್ಸಿಬಿಷನ್. ಒಂದು ಅಕ್ಷರ ಹುಡುಕ್ತಾ ಹೋದರೆ ಯಾವ ಪುಟದಲ್ಲಿ ಯಾವ ಕನ್ನಡ ಇದೆ ಅನ್ನೋದು ಕಣ್ಣಿಗೆ ಬೀಳುತ್ತೆ. ಇಪ್ಪತ್ತು ವರ್ಷ ಪತ್ರಿಕೆ ಓದಿದ್ದರೂ ನನಗೆ ಇದು ಗೊತ್ತಿರಲಿಲ್ಲ.

ಕೆಲವು ಕೈಕೆಲಸದ ಪಾಠಗಳು, ಮಾಡೋರಿಗೆ ಉಪಯೋಗ ಆಗಬಹುದು. ನ್ಯೂಸ್‌ಪ್ರಿಂಟಿಗೆ ಫೆವಿಕಾಲ್ ಹಚ್ಚಿದರೆ ನೀರಿನಂಶಕ್ಕೆ ಕಾಗದ ಸುಕ್ಕಾಗುತ್ತೆ, ಗ್ಲೂ ಸ್ಟಿಕ್ ವಾಸಿ. ಜೆರಾಕ್ಸ್ ಮಾಡುವಾಗ ಅಂಟಿಸಿದ ಚೂರಿನ ಅಂಚು ಕರಿ ಗೆರೆಯಾಗಿ ಬರುತ್ತೆ. ಬೇಡವಾದರೆ ಮೂಲ ಹಾಳೆಯಲ್ಲೇ ಅಂಚಿಗೆ ವೈಟ್ನರ್ ಹಚ್ಚಿ. ತೆಳು ಕಾಗದದ ಹಿಂಬದಿಯ ಅಕ್ಷರ ಮುಂದೆ ಕಾಣಿಸ್ತಿದ್ದರೆ ಹಿಂದೆ ಒಂದು ಕಪ್ಪು ಹಾಳೆ ಇಟ್ಟು ನಕಲು ತೆಗೆಸಿ. ಯಂತ್ರ ಹಾಳೆಯ ಅಂಚಿನವರೆಗೂ ಮುದ್ರಿಸಲ್ಲ, ಸುತ್ತ ಅರ್ಧ ಸೆಂಟಿಮೀಟರ್ ಖಾಲಿ ಬಿಡಿ.

ಹಿಂಬದಿ ಅಂದೆ ನೋಡಿ. ಈಗ ಅಮ್ಮನ ಫೈಲಿನ ವಿಷಯಕ್ಕೆ ಬರ್ತೀನಿ.

ಹಿಂಬದಿ

ಮೂರನೇ ಝೀನ್‌ಗೆ ನಾನು ಆರಿಸಿಕೊಂಡಿದ್ದು ಲಿಂಡರ್ ಸ್ಟರ್ಲಿಂಗ್ ಅವರ ಶೈಲಿ. ಮ್ಯಾಂಚೆಸ್ಟರಿನಲ್ಲಿದ್ದವರು. 1977ರಲ್ಲಿ ಬಜ್‌ಕಾಕ್ಸ್ ತಂಡದ ರೆಕಾರ್ಡ್ ಒಂದಕ್ಕೆ ಅವರು ಮಾಡಿದ ಮುಖಪುಟ ಪ್ರಸಿದ್ಧ: ಹೆಣ್ಣಿನ ದೇಹ, ತಲೆಯ ಜಾಗದಲ್ಲಿ ಇಸ್ತ್ರಿ ಪೆಟ್ಟಿಗೆ. ಗಂಡಸರ ಪತ್ರಿಕೆಗಳಿಂದ ಹೆಣ್ಣಿನ ಮೈ, ಹೆಂಗಸರ ಪತ್ರಿಕೆಗಳಿಂದ ಮನೆ ಸಾಮಾನು. ಎರಡನ್ನೂ ಸೇರಿಸಿದಾಗ, ಎರಡು ಪತ್ರಿಕೆಗಳೂ ಹೆಣ್ಣನ್ನು ಒಂದೇ ಕಣ್ಣಿಂದ ನೋಡ್ತಿವೆ ಅಂತ ಗೊತ್ತಾಗುತ್ತೆ. ಮರುವರ್ಷ ಜಾನ್ ಸ್ಯಾವೇಜ್ ಜೊತೆ ಸೇರಿ ‘ದಿ ಸೀಕ್ರೆಟ್ ಪಬ್ಲಿಕ್’ ಅನ್ನೋ ಪೂರ್ತಿ ಕೊಲಾಜಿನದೇ ಝೀನ್ ತಂದರು.

ನನಗೆ ಹಳೇ ಮಹಿಳಾ ಪುಟಗಳು ಬೇಕಿದ್ದವು. ಮನೆಯ ಅಟ್ಟದಲ್ಲಿ ಅಮ್ಮನ ಹಸಿರು ಫೈಲು ಸಿಕ್ಕಿತು. ಸುಧಾ, ತರಂಗದಂಥ ವಾರಪತ್ರಿಕೆಗಳಿಂದ ಕತ್ತರಿಸಿಟ್ಟ ಕಸೂತಿ ನಮೂನೆ, ರಂಗೋಲಿ, ಬ್ಲೌಸಿನ ಕತ್ತಿನ ಡಿಸೈನು. ಇಪ್ಪತ್ತು ಇಪ್ಪತ್ತೈದು ವರ್ಷ ಹಳೇದು. ಯಾರಿಗೂ ಬೇಡ ಅಂದುಕೊಂಡೆ. ಕೂತು ಕತ್ತರಿಸಿದೆ. ಏಳು ಹಾಳೆ ಆಗಿತ್ತು, ಅಮ್ಮ ಬಂದರು.

“ಹಿಂದ್ಗಡೆ ತಿರುಗಿಸಿ ನೋಡಿದ್ಯೇನೋ?” ಅಂದರು.

ಅಷ್ಟೇ ಅಂದಿದ್ದು. ಆಮೇಲೆ ಕಾಫಿ ಮಾಡೋಕೆ ಒಳಗೆ ಹೋದರು.

ತಿರುಗಿಸಿ ನೋಡಿದೆ. ಪತ್ರಿಕೆಯ ಚೂರುಗಳನ್ನು ಅಮ್ಮ ನನ್ನ ಹಳೇ ನೋಟ್‌ಬುಕ್ಕಿನ ಹಾಳೆಗಳಿಗೆ ಅಂಟಿಸಿದ್ದರು. ಆ ಹಾಳೆಗಳ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಸಾಲುಸಾಲು ಬರಹ. ಒಂದು ಹೆಸರು. ಎದೆ, ಭುಜ, ತೋಳಿನ ಅಳತೆ. ಕೂಲಿ 15. ಕೊಟ್ಟಿದ್ದು 5. ಬಾಕಿ 10. ಇನ್ನೊಂದು ಹೆಸರು, ಇನ್ನೊಂದು ಅಳತೆ. ಪುಟದ ಕೆಳಗೆ ಕೂಡಿದ ಮೊತ್ತ, ಅದರ ಪಕ್ಕ ನನ್ನ ಹೆಸರು, ‘ಫೀಸು 2ನೇ ಕಂತು’.

ಅಮ್ಮ ಹೊಲಿಗೆ ಮಾಡ್ತಿದ್ದಿದ್ದು ನನಗೆ ಗೊತ್ತಿತ್ತು. ಬಿಡುವಿದ್ದಾಗ ಅಕ್ಕಪಕ್ಕದವರಿಗೆ ಹೊಲಿದುಕೊಡ್ತಾರೆ ಅನ್ನೋ ಅಷ್ಟೇ ಗೊತ್ತಿತ್ತು. ಅಪ್ಪನಿಗೆ ಕೆಲಸದಲ್ಲಿ ತಿಂಗಳುಗಟ್ಟಲೆ ಸಂಬಳ ಬರದೇ ಇದ್ದ ಒಂದು ಕಾಲ ಇತ್ತು. ಆಗ ಮನೆ ಹೇಗೆ ನಡೀತು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಉತ್ತರ ನನ್ನ ಕೈಯಲ್ಲಿತ್ತು, ಎರಡು ತುಂಡಾಗಿ.

ಮೂರು ವರ್ಷ ಬೇರೆಯವರ ಲೆಕ್ಕದ ಪುಸ್ತಕ ತಿರುವಿದವನು ನಾನು. ನಮ್ಮ ಮನೆಯ ಲೆಕ್ಕದ ಪುಸ್ತಕವನ್ನು ಹೂವಿನ ಚಿತ್ರಕ್ಕೋಸ್ಕರ ಕತ್ತರಿಸಿದ್ದೆ. ಹೋಖ್ ಬಗ್ಗೆ ರಿಕ್ಟರ್ ಬರೆದ ಮಾತು ಓದಿ ಬೇಜಾರು ಮಾಡಿಕೊಂಡಿದ್ದೆನಲ್ಲ, ಆ ಬೇಜಾರನ್ನು ನನ್ನ ಮೇಲೂ ಸ್ವಲ್ಪ ಹಾಕಿಕೊಳ್ಳಬೇಕಾಯ್ತು.

ರಾತ್ರಿ ಕೂತು ಚೂರುಗಳನ್ನು ಜೋಡಿಸಿದೆ. ತೇದಿ, ಮೊತ್ತ ನೋಡಿ ತಾಳೆ ಹಾಕಿದೆ. ಆ ಆಡಿಟ್ ಕೆಲಸ ಮೊದಲ ಸಲ ನನ್ನ ಸ್ವಂತ ಉಪಯೋಗಕ್ಕೆ ಬಂತು. ಏಳರಲ್ಲಿ ಆರು ಹಾಳೆ ಸರಿಹೋದವು. ಏಳನೆಯದನ್ನು ಆಗಲೇ ರಟ್ಟಿಗೆ ಫೆವಿಕಾಲ್ ಹಾಕಿ ಅಂಟಿಸಿಬಿಟ್ಟಿದ್ದೆ, ನಮೂನೆ ಮೇಲೆ, ಲೆಕ್ಕ ಕೆಳಗೆ. ಒದ್ದೆ ಮಾಡಿ ಕೀಳೋಕೆ ನೋಡಿದೆ. ಹರಿಯೋಕೆ ಶುರುವಾಯ್ತು, ಬಿಟ್ಟೆ. ಅದರ ಹಿಂದೆ ಏನು ಬರೆದಿತ್ತು ಅಂತ ಅಮ್ಮನಿಗೂ ಈಗ ನೆನಪಿಲ್ಲ.

ಮಾರನೇ ದಿನ ಅಮ್ಮನ ಹತ್ತಿರ ಕೇಳಿದೆ. ಇದರದ್ದೇ ಝೀನ್ ಮಾಡಲಾ? ಮೂಲ ಮುಟ್ಟಲ್ಲ, ಜೆರಾಕ್ಸ್ ಮಾಡಿಸಿ ಅದನ್ನು ಕತ್ತರಿಸ್ತೀನಿ. ಈ ಬಳಪದ ಲೆಕ್ಕ ನೋಡೋಕೆ ಯಾರಿಗೆ ಬೇಕಾಗಿದೆ ಅಂತ ನಕ್ಕರು. ಆಮೇಲೆ ತಾವೇ ಪಕ್ಕದಲ್ಲಿ ಬಂದು ಕೂತರು. ಹದಿನೈದು ವರ್ಷ ಬಟ್ಟೆ ಕತ್ತರಿಸಿದ ಕೈ. ಪುಟದಲ್ಲಿ ಯಾವ ತುಂಡು ಎಲ್ಲಿ ಕೂತರೆ ವೇಸ್ಟ್ ಆಗಲ್ಲ ಅಂತ ನನಗಿಂತ ಬೇಗ ಗೊತ್ತಾಗುತ್ತೆ. ನಾನು ಅಡ್ಡ ಇಟ್ಟಿದ್ದನ್ನು ಅವರು ಓರೆ ಇಟ್ಟರು, ಪುಟ ತುಂಬಿತು.

ಒಂದೇ ಒಂದು ಷರತ್ತು ಹಾಕಿದರು. ಹೆಸರುಗಳನ್ನೆಲ್ಲ ಕತ್ತರಿಸಿ ತೆಗೀಬೇಕು.

“ಬಾಕಿ ಉಳಿಸ್ಕೊಂಡೋರು ಅಂತ ಅವರ ಹೆಸರು ಊರಿಗೆಲ್ಲ ಯಾಕೋ ತೋರಿಸ್ತೀಯಾ? ಪಾಪ, ಅವರಿಗೂ ಕಷ್ಟ ಇತ್ತು.”

ಹಾಗಾಗಿ ನನ್ನ ಮೂರನೇ ಝೀನಿನಲ್ಲಿ ಅಳತೆ ಇದೆ, ಮೊತ್ತ ಇದೆ, ಕಸೂತಿ ನಮೂನೆಗಳಿವೆ. ಹೆಸರಿರೋ ಜಾಗದಲ್ಲೆಲ್ಲ ಸಣ್ಣ ಚೌಕದ ಖಾಲಿ ಜಾಗ. ಆ ಚೌಕಗಳನ್ನು ಕತ್ತರಿಸಿದ್ದು ಅಮ್ಮ, ಅವರ ಹೊಲಿಗೆ ಕತ್ತರಿಯಿಂದ. ನೋಡಿದವರು ಆ ಖಾಲಿ ಚೌಕಗಳ ಡಿಸೈನ್ ಚೆನ್ನಾಗಿದೆ ಅಂತಾರೆ. ಅದು ಡಿಸೈನ್ ಅಲ್ಲ, ಮರ್ಯಾದೆ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ಹೆಸರು ‘ಹಿಂಬದಿ’. ಎಂಟು ಪುಟ, 50 ಪ್ರತಿ, ಖರ್ಚು ನೂರು ರೂಪಾಯಿ. ಕೊನೆಯ ಪುಟದಲ್ಲಿ ಮಾಡಿದವರು ಅಂತ ಇಬ್ಬರ ಹೆಸರಿದೆ, ಅಮ್ಮನದು ಮೊದಲು. ಅದಕ್ಕೆ ಮಾತ್ರ ಅವರು ಬೇಡ ಅಂದಿಲ್ಲ. ಒಂದು ಪ್ರತಿ ಹಸಿರು ಫೈಲಿಗೇ ಸೇರಿದೆ.

ನಿಮ್ಮ ಮನೆಯಲ್ಲೂ ಇಂಥ ಒಂದು ಫೈಲೋ, ಡಬ್ಬಿಯೋ, ಹಾಳೆಯ ಕಟ್ಟೋ ಇದ್ದೇ ಇರುತ್ತೆ. ಝೀನ್ ಮಾಡಿ, ಖಂಡಿತ ಮಾಡಿ. ಆದ್ರೆ ಮೊದಲು ಜೆರಾಕ್ಸ್ ಮಾಡಿಸಿ. ಕತ್ತರಿ ಹಾಕೋ ಮುಂಚೆ ಒಂದು ಸಲ ಹಿಂದ್ಗಡೆ ತಿರುಗಿಸಿ ನೋಡಿ.